ಒಂದೇ ಮಾತಿನ ಪ್ರಾರ್ಥನೆ

ಮೊನ್ನೆ ಭಾನುವಾರ ಗುಬ್ಬಿಯ ನಮ್ಮ ಹಳೇ ಚರ್ಚಿನಲ್ಲಿ ಕೂತಿದ್ದೆ. ಮುಂದಿನ ಬೆಂಚಿನ ಅಜ್ಜ ಜೇಬಿಂದ ಡಬ್ಬಿ ತೆಗೆದು ಚಿಟಿಕೆ ನಶ್ಯ ಏರಿಸಿದರು. ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸೀನು ಬಂತು. ಸೀನಿನ ಬೆನ್ನಿಗೇ ನಮ್ಮ ದೊಡ್ಡಪ್ಪ ನೆನಪಿಗೆ ಬಂದರು.

ಅವರ ಹೆಸರು ಸಮಾಧಾನಪ್ಪ. ಸಮಾಧಾನ ಇದ್ದದ್ದು ಹೆಸರಲ್ಲಷ್ಟೇ ಅನ್ನಿ. ಪೇಟೆಯಲ್ಲಿ ಟೈಲರ್ ಅಂಗಡಿ. ಚರ್ಚಿನಲ್ಲಿ, ಆರಾಧನೆಯ ಕೊನೆಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಶುರುವಾಗುವ ಕರ್ತನ ಪ್ರಾರ್ಥನೆ ಹೇಳಿಸುವ ಹಿರಿಯರು. ಎಪ್ಪತ್ತರ ದಶಕದಲ್ಲಿ ಮೂರು ಊರಿಗೂ ಒಬ್ಬರೇ ಅಯ್ನೋರು. ಪಾದ್ರಿಗಳನ್ನು ನಾವು ಕರೆಯುವುದೇ ಹಾಗೆ. ಬೆಳಗ್ಗೆ ತುಮಕೂರು, ಹೊತ್ತೇರಿದ ಮೇಲೆ ಗುಬ್ಬಿ, ಸಂಜೆ ಕುಣಿಗಲ್. ಅವರಿಗೆ ಬಸ್ಸು ತಪ್ಪಬಾರದಲ್ಲ, ಅದಕ್ಕೆ ದೊಡ್ಡಪ್ಪ ಒಂದು ಚಿಟಿಕೆ ನಶ್ಯ ಏರಿಸಿ, ಹೊಲಿಗೆ ಮೆಷಿನ್ ತುಳಿದ ಹಾಗೆ ಟರ್ರಂತ ಒಂದೇ ಉಸಿರಿಗೆ ಆಮೆನ್ ಮುಟ್ಟಿಸೋರು. ಸಭೆಯೆಲ್ಲ ಹಿಂದೆ ಬಿದ್ದು ಓಡುತ್ತಿತ್ತು. ನಾನಂತೂ ನಡುವಿನ ಸಾಲುಗಳನ್ನು ನುಂಗಿ, ಆಮೆನ್‌ಗೆ ಸರಿಯಾಗಿ ಹಾಜರಾಗುತ್ತಿದ್ದೆ. ಯಾವ ಸಾಲು ನುಂಗಿದೆ ಅಂತ ದೇವರನ್ನೇ ಕೇಳಬೇಕು.

"ರೀ, ದೇವ್ರು ಕಿವಿ ಕೊಡೋದ್ರೊಳಗೆ ಮುಗ್ಸಿಬುಡ್ತೀರಲ್ಲ," ಅಂತ ದೊಡ್ಡಮ್ಮ ಛೇಡಿಸೋರು.

"ಅವ್ನಿಗೇನು ಹೊಸದೇನೇ? ಬಾಯಿಪಾಠ ಆಗಿರ್ತದೆ ಬುಡು."

ಒಂದು ಬೇಸಿಗೆ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಸರಿಹೋದವು, ಮಾತು ಮರಳಲಿಲ್ಲ. ನೀರು ಬೇಕಾದರೆ ಚೊಂಬು ತೋರಿಸೋರು. ಚರ್ಚಿಗೆ ಕರೆದರೆ ಗೋಡೆ ಕಡೆ ತಿರುಗಿ ಮಲಗೋರು. ಊರಿಗೆಲ್ಲ ಪ್ರಾರ್ಥನೆ ಹೇಳಿಸಿದ ಬಾಯಿ. ಅದೇ ಜನರ ನಡುವೆ ಸುಮ್ಮನೆ ನಿಲ್ಲೋದು ಹೇಗೆ ಹೇಳಿ?

ಆದರೆ ಒಂದು ಮಧ್ಯಾಹ್ನ, ಮೆಷಿನ್ ಮುಂದೆ ಒಬ್ಬರೇ ಕೂತು ತುಟಿ ಒದ್ದಾಡಿಸುತ್ತಿದ್ದದ್ದನ್ನು ದೊಡ್ಡಮ್ಮ ನೋಡಿಬಿಟ್ಟರು. ಯಾವ ಮಾತಿಗೆ ಆ ಒದ್ದಾಟ ಅಂತ ಅವರಿಗೆ ತಿಳಿಯಿತು.

"ಈ ಭಾನುವಾರ ಬರ್ತಿದೀರ. ಆಮೆನ್ ಬರ್ದಿದ್ರೆ ನಾನ್ ಹೇಳ್ತೀನಿ, ಏಳಿ."

ಬಂದರು. ನನಗೂ ದೊಡ್ಡಮ್ಮನಿಗೂ ನಡುವೆ ನಿಂತರು. ಪ್ರಾರ್ಥನೆ ಹೇಳಿಸಿದವರು ಬೇರೆ ಯಾರೋ, ಓಟ ಮಾತ್ರ ದೊಡ್ಡಪ್ಪ ಕಲಿಸಿದ್ದೇ. ಸಭೆ ಆಮೆನ್ ಅಂದು ಸುಮ್ಮನಾದಾಗ ಒಂದೇ ಒಂದು ದನಿ ಉಳಿದಿತ್ತು. "ತ... ತ..."

ಆಶೀರ್ವಾದಕ್ಕೆ ಎತ್ತಿದ್ದ ಕೈಯನ್ನು ಅಯ್ನೋರು ಇಳಿಸಿದರು. ಹೊರಗೆ ಕುಣಿಗಲ್ ಬಸ್ಸಿನ ಹಾರನ್.

"ಅಯ್ನೋರೇ, ಬಸ್ಸು..." ಯಾರೋ ಪಿಸುಗುಟ್ಟಿದರು.

"ಹೋಗ್ಲಿ ಬುಡ್ರಪ್ಪ. ಇವ್ರಿನ್ನೂ ಮುಗ್ಸಿಲ್ಲ."

ಬಸ್ಸು ಹೋಯಿತು. ದೊಡ್ಡಪ್ಪನ ಕತ್ತಿನ ನರ ಉಬ್ಬಿದವು. ದೊಡ್ಡಮ್ಮ ಅವರ ಕೈ ಬಿಗಿಯಾಗಿ ಹಿಡಿದಿದ್ದರು. ಆಮೇಲೆ, ಗಟ್ಟಿ ಬಟ್ಟೆ ಪರ್ರನೆ ಹರಿದ ಹಾಗೆ, ಬಂತು: "ತಂ... ದೆ... ಯೇ!"

ಅಷ್ಟೇ. ಮುಂದೆ ಇನ್ನೊಂದು ಮಾತಿಲ್ಲ. ಆ ಮುಖ ಮಾತ್ರ ದೀಪ ಹಚ್ಚಿದ ಹಾಗಿತ್ತು.

"ಆಮೆನ್!" ಅಂದರು ಅಯ್ನೋರು. ನಾವು ಅಂದ ಆಮೆನ್‌ಗೆ ಹಂಚಿನ ಮೇಲಿನ ಪಾರಿವಾಳಗಳೆಲ್ಲ ಎದ್ದವು. ದೊಡ್ಡಮ್ಮ ಅಳುತ್ತಲೇ ಗಂಡನ ಭುಜ ತಿವಿದರು: "ಈಗ ಕೇಳಿಸ್ತು ನೋಡ್ರೀ ಅವ್ನಿಗೆ!"

ಅಯ್ನೋರು ತೆಂಗಿನಕಾಯಿ ಲಾರಿ ಹತ್ತಿ ಕುಣಿಗಲ್ ಸೇರಿದರಂತೆ. ಕಾದು ಕೂತಿದ್ದ ಜನಕ್ಕೆ ಬೋಧನೆಯ ಬದಲು ಈ ಕಥೆಯನ್ನೇ ಹೇಳಿದರಂತೆ. ಮುಂದಿನ ವಾರದಿಂದ 'ತಂದೆಯೇ' ಅಂದೊಡನೆ ಗುಬ್ಬಿಯ ಸಭೆಯೆಲ್ಲ ಪ್ರಾರ್ಥನೆ ನಿಲ್ಲಿಸಿ ಕಾಯುತ್ತಿತ್ತು, ದೊಡ್ಡಪ್ಪ ಆ ಮಾತು ಮುಟ್ಟುವವರೆಗೆ. ಅವರು ಬದುಕಿದ್ದಷ್ಟು ದಿನ ಪ್ರತಿ ವಾರವೂ ಆ ಮಾತನ್ನು ಹೊಸದಾಗಿ ಗೆದ್ದು ತಂದರು.

ಮೊನ್ನೆಯೂ ಆ ಮಾತಿಗೆ ಬಂದಾಗ ಎಲ್ಲರೂ ಪ್ರಾರ್ಥನೆ ನಿಲ್ಲಿಸಿದರು. ಆ ನಶ್ಯದ ಅಜ್ಜನನ್ನು ಬಿಟ್ಟರೆ ದೊಡ್ಡಪ್ಪನನ್ನು ಕಂಡವರು ಅಲ್ಲಿ ನಾನೊಬ್ಬಳೇ ಇದ್ದೆನೇನೋ. ಆರಾಧನೆ ಮುಗಿದ ಮೇಲೆ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯನ್ನು ಕೇಳಿದೆ, "ಅಲ್ಲಿ ಯಾಕಮ್ಮ ನಿಲ್ಲಿಸ್ತೀರ?"

"ಗೊತ್ತಿಲ್ಲ ಆಂಟಿ. ನಮ್ ಚರ್ಚಲ್ಲಿ ಮೊದ್ಲಿಂದ್ಲೂ ಹಂಗೇ."

ನಗು ಬಂತು. ನೋಡಿದಿರಾ, ಆ ಮೌನವೂ ಬಾಯಿಪಾಠ ಆಗಿಹೋಗಿದೆ! ಅಷ್ಟರಲ್ಲಿ ಅವಳು ದನಿ ತಗ್ಗಿಸಿದಳು. "ಆದ್ರೆ ಆಂಟಿ, ನಮ್ಮಜ್ಜಿಗೆ ಹುಷಾರಿಲ್ದಿದ್ದಾಗ ಆ ಗ್ಯಾಪಲ್ಲೇ ನಾನು ಕೇಳ್ಕೊಂಡಿದ್ದು. ಬುಕ್ಕಲ್ಲಿಲ್ಲದ್ದನ್ನ ಹೇಳೋಕೆ ಜಾಗ ಅದೊಂದೇ."

ಹೊರಗೆ ನಾನು ಹತ್ತಬೇಕಿದ್ದ ತುಮಕೂರಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ಹೋಗ್ಲಿ ಬುಡು ಅಂದುಕೊಂಡು ಮತ್ತೆ ಬೆಂಚಿನ ಮೇಲೆ ಕೂತೆ, ಅವಳನ್ನೂ ಕೂರಿಸಿಕೊಂಡೆ.

"ಕೇಳಮ್ಮ, ಇಲ್ಲೊಬ್ಬರು ಟೈಲರ್ ಇದ್ದರು..."