ಬಾವಿಗೆ ಬಿಟ್ಟ ಚುಕ್ಕಿ ಆಮೆ

ಸೊಣ್ಣಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆಮೆಗಳ ವಿಷಯದಲ್ಲಿ ಅವಳೆದುರು ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ, ನಮ್ಮ ಮಾವ ಪರಮಶಿವಯ್ಯನವರೊಬ್ಬರನ್ನು ಬಿಟ್ಟು. ಅಮಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇನ್ನೊಬ್ಬರು ಹೇಳಿದ್ದನ್ನು ಒಪ್ಪಿಕೊಂಡರೆ ಪಿಂಚಣಿ ನಿಂತುಹೋಗುತ್ತದೆ ಎನ್ನುವ ಹಾಗೆ ಬದುಕಿದರು.

೧೯೫೭ರ ಮಾತು. ಆಗ ನಾನು ಆ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮನೆ ಕಟ್ಟುವವರು ಮೊದಲು ಬಾವಿ ತೋಡಿಸುತ್ತಿದ್ದರು. ಪಕ್ಕದ ಸಾರಕ್ಕಿ ಹಳ್ಳಿಯ ಸೊಣ್ಣಮ್ಮನ ಗಂಡ ಬಾವಿಯೊಳಗೆ ಅಗೆದರೆ ಇವಳು ಮಣ್ಣಿನ ಪುಟ್ಟಿ ಮೇಲೆಳೆಯುವಳು. ಗಂಗೆ ಪೂಜೆಯಾದ ಮೇಲೆ ಹೊಸ ಬಾವಿಗೆ ಒಂದು ಆಮೆ ಬಿಡುವುದು ವಾಡಿಕೆ, ಹುಳಹುಪ್ಪಟೆ ತಿಂದು ನೀರನ್ನು ತಿಳಿಯಾಗಿಡಲಿ ಎಂದು. ಕೆರೆಯಿಂದ ಆ ಆಮೆ ತರುವುದೂ ಅವಳದೇ ಕೆಲಸ. ಆದರೆ ಪೂಜೆ ಆಗಿದ್ದೇ ತಡ, ತೋಡಿದವರು ಆ ಬಾವಿಯ ಕಟ್ಟೆ ಮುಟ್ಟುವ ಹಾಗಿರಲಿಲ್ಲ. ಎಂಥ ನ್ಯಾಯವೋ! ನಾನೂ ಆಗ ಬಾಯಿ ಮುಚ್ಚಿಕೊಂಡೇ ಇದ್ದೆ, ಸುಳ್ಳೇಕೆ ಹೇಳಲಿ.

ನಮ್ಮ ಬಾವಿ ತೋಡಿದವರೂ ಅವರೇ. ಅದರ ಪೂಜೆಯ ದಿನ ಸೊಣ್ಣಮ್ಮ ಬುಟ್ಟಿಯಲ್ಲಿ ಕಪ್ಪು ಆಮೆ ತಂದಳು. ಮಾವನವರು ಅದನ್ನು ನೋಡಿ ಮೂಗು ಮುರಿದರು. ಅವರಾಗಲೇ ಚಿಂತಾಮಣಿ ಕಡೆಯ ನೆಂಟರಿಂದ ಬೇರೆಯದನ್ನು ತರಿಸಿದ್ದರು. ಗುಡ್ಡದಂತೆ ಉಬ್ಬಿದ ಚಿಪ್ಪು, ಅದರ ತುಂಬ ಹಳದಿ ಗೆರೆಗಳ ನಕ್ಷತ್ರ. ನಿಜ ಹೇಳಬೇಕೆಂದರೆ ಕಣ್ಣು ಕೀಳಲಾಗದಷ್ಟು ಚೆಂದ.

"ಬುದ್ಧೀ, ಅದು ಕುರುಚಲು ಕಾಡಿನ ಆಮೆ. ಈಜೋಕೆ ಬರಾಕಿಲ್ಲ. ಬಾವಿಗೆ ಬಿಟ್ರೆ ಸತ್ತೋಯ್ತದೆ," ಎಂದಳು ಸೊಣ್ಣಮ್ಮ.

ಎದುರುಮನೆಯ ವೆಂಕಟಾಚಲ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ನಕ್ಕೇಬಿಟ್ಟರು. "ಆಮೆ ಮುಳುಗಿ ಸಾಯುತ್ತಾ? ಚೆನ್ನಾಗಿ ಹೇಳ್ತೀಯಮ್ಮ!"

"ಕಾಲು ನೋಡಿ ಸ್ವಾಮಿ, ಕಾಲು..."

"ಸಾಕು, ಮುಹೂರ್ತ ಮೀರ್ತಿದೆ," ಎಂದ ಮಾವನವರು ಆಮೆಯನ್ನು ಬಿಂದಿಗೆಯಲ್ಲಿಟ್ಟು ಹಗ್ಗ ಇಳಿಸಿ, ಅಲುಗಿಸಿ ಮಗುಚಿಯೇಬಿಟ್ಟರು.

ನಾವೆಲ್ಲ ಬಗ್ಗಿ ನೋಡಿದೆವು. ಆಮೆ ನಾಲ್ಕು ಕಾಲು ಬಡಿಯಿತು, ಕತ್ತು ಚಾಚಿತು, ಕಲ್ಲಿನ ಹಾಗೆ ಕೆಳಗೆ ಹೋಯಿತು. ಎರಡು ಗುಳ್ಳೆ ಬಂದವು. ಮಾವನವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಷ್ಟರಲ್ಲಿ ಸೊಣ್ಣಮ್ಮ ಸೀರೆ ಕಚ್ಚೆ ಹಾಕಿ ಕಟ್ಟೆ ಹತ್ತಿಯಾಗಿತ್ತು. "ಏಯ್, ಪೂಜೆ ಆಗಿದೆ! ಮೈಲಿಗೆ!" ಅತ್ತೆ ಕಮಲಾದೇವಿ ಕಿರುಚಿದರು. "ಆಮ್ಯಾಲೆ ಬೈರಿ ಕಣವ್ವಾ, ಜೀವ ಹೋಯ್ತಾ ಅದೆ!" ಎಂದವಳೇ ಗೋಡೆಯ ಮೆಟ್ಟುಗಳನ್ನು ಹಿಡಿದು ಸರಸರನೆ ಇಳಿದು ನೀರಿಗೆ ಧುಮುಕಿದಳು. ಒಂದು ಸಲ ಬರಿಗೈಯಲ್ಲಿ ಮೇಲೆದ್ದಳು. ಮತ್ತೆ ಮುಳುಗಿದಳು. ಎರಡನೆಯ ಸಲ ಎದ್ದಾಗ ಆಮೆಯನ್ನು ಎದೆಗವಚಿಕೊಂಡಿದ್ದಳು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಹತ್ತಿ ಬಂದಳು.

ಆಮೆ ಅಲ್ಲಾಡಲಿಲ್ಲ. ಅವಳು ಅದರ ತಲೆ ಕೆಳಗೆ ಮಾಡಿ ಹಿಡಿದು, ಮುಂಗಾಲುಗಳನ್ನು ಎಳೆಯುತ್ತ ಒತ್ತುತ್ತ ಕೂತಳು. ಮೂಗಿನಿಂದ ನೀರು ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಅದು ಬಾಯಿ ತೆರೆದು, ಒಂದು ಕಣ್ಣು ಬಿಟ್ಟಿತು. ನಾನು ಹೊಸ ಸೊಸೆ ಎನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿದೆ!

ಸೊಣ್ಣಮ್ಮ ಎರಡು ಆಮೆಗಳನ್ನೂ ಅಕ್ಕಪಕ್ಕ ಇಟ್ಟಳು. "ಈಗ ನೋಡಿ ಮೇಷ್ಟ್ರೇ. ಈ ಚುಕ್ಕೀದು ಆನೆ ಕಾಲು, ಬೆರಳೇ ಕಾಣಾಕಿಲ್ಲ. ಚಿಪ್ಪು ಗೋಪುರ. ಇದು ನಡೆಯೋದು. ಈ ಕರಿದು ನೋಡಿ, ಚಿಪ್ಪು ತಗ್ಗು, ಬೆನ್ನ ಮ್ಯಾಲೆ ಉದ್ದಕ್ಕೂ ಉಬ್ಬಿದ ಮೂರು ಏಣು, ಬೆರಳ ನಡುವೆ ಬಾತುಕೋಳಿ ಹಂಗೆ ಚರ್ಮ. ಇದು ಈಜೋದು. ಇನ್ನೊಂದೈತೆ, ಅಂಚು ಮೆತ್ತಗಿರ್ತದೆ, ಹಿಂಗಾಲು ಒಳಗೆಳ್ಕೊಂಡ್ರೆ ಅಡಿಯಾಗಿನ ಚರ್ಮ ಬಾಗ್ಲು ಹಾಕ್ದಂಗೆ ಮುಚ್ಕೊಂತದೆ. ಅದೂ ನೀರಿಂದೇಯ. ಅದು ಕಚ್ಚಿದ್ರೆ ಬಿಡಾಕಿಲ್ಲ, ಅದ್ಕೇ ತರಾಕಿಲ್ಲ."

ಮೇಷ್ಟ್ರು ಮಂಡಿಯೂರಿ ಕೂತು ಆ ಬೆರಳುಗಳನ್ನು ಬಿಡಿಸಿ ನೋಡಿದರು. "ಹದಿನೈದು ವರ್ಷದಿಂದ ಪಾಠ ಮಾಡ್ತಿದೀನಿ, ಇದನ್ನ ನೋಡೇ ಇರ್ಲಿಲ್ಲ ನಾನು," ಎಂದರು. ತಪ್ಪು ಒಪ್ಪಿಕೊಂಡ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಚುಕ್ಕಿ ಆಮೆಯನ್ನು ಸೊಣ್ಣಮ್ಮನ ಬುಟ್ಟಿಗೆ ಹಾಕಿ, ಕಪ್ಪು ಆಮೆಯನ್ನು ಬಾವಿಗೆ ಬಿಟ್ಟರು. ಅದು ಜಾರಿ, ಈಜಿ, ಕಲ್ಲಿನ ಸಂದಿ ಸೇರಿತು. ಆದರೆ ಬಂದ ನೆಂಟರಲ್ಲಿ ಗುಸುಗುಸು ಶುರುವಾಗಿತ್ತು: ಬಾವಿ ಕೆಟ್ಟಿತು, ಶುದ್ಧಿ ಮಾಡಿಸಬೇಕು, ಅವಳು ಒಳಗೆ ಮುಳುಗಿದ್ದಾಳಲ್ಲ. ಸೊಣ್ಣಮ್ಮ ಒದ್ದೆ ಸೀರೆಯಲ್ಲೇ ಗೇಟಿನ ಕಡೆ ಸರಿದಳು.

"ನಿಲ್ಲಮ್ಮ," ಎಂದರು ಮಾವನವರು. ತಾವೇ ನೀರು ಸೇದಿ, ಚೊಂಬು ತುಂಬಿ, ಎಲ್ಲರ ಕಣ್ಣೆದುರು ಗಟಗಟನೆ ಕುಡಿದರು. "ತಪ್ಪು ನಂದು. ಅವಳು ಹೇಳಿದ್ದು ಕೇಳಿದ್ರೆ ಇದೇನೂ ಆಗ್ತಿರ್ಲಿಲ್ಲ." ಆ ಬಾಯಲ್ಲಿ ಆ ಮಾತು! ಅತ್ತೆ ಕಂಬ ಹಿಡಿದುಕೊಂಡರು.

ಆಮೇಲೆ ಮಾವನವರು ಹಗ್ಗವನ್ನು ಸೊಣ್ಣಮ್ಮನ ಕೈಗೆ ಕೊಟ್ಟರು. ಅವಳು ಒಮ್ಮೆ ಅವರ ಮುಖ ನೋಡಿ, ತಲೆಯೆತ್ತಿ, ಕಟ್ಟೆಯ ಮೇಲೆ ಕಾಲಿಟ್ಟು ನೀರು ಸೇದಿ, ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದಳು. ಗಂಡನ ಜೊತೆ ಜಯನಗರದಲ್ಲಿ ನಲವತ್ತು ಬಾವಿ ತೋಡಿದ ಹೆಂಗಸು ಅವುಗಳಲ್ಲೊಂದರ ನೀರು ಕುಡಿದದ್ದು ಅದೇ ಮೊದಲು.