ನೆಲ್ಸನ್‌ಗೆ ಹೊತ್ತೊಯ್ದ ಫೈಲು

ಗೆಳೆಯರೇ, ಇವತ್ತು ಗೇಣು ದಪ್ಪದ ಫೈಲು ಹೊತ್ತುಕೊಂಡು ಆಕ್ಲೆಂಡ್‌ನಿಂದ ನೆಲ್ಸನ್‌ಗೆ ಹೊರಟೆ.

ಆಕ್ಲೆಂಡ್‌ನ ಪೆನ್‌ರೋಸ್ ಬಡಾವಣೆಯ ಗೋದಾಮಿನಲ್ಲಿ ನನ್ನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ದುಡಿಸಿದ ಮಾಲೀಕನ ಮೇಲೆ ಕೇಸು ನಡೆಯುತ್ತಿರುವುದು ನಿಮಗೆ ಗೊತ್ತು. ಅಂಥ ಅಪರಾಧಕ್ಕೆ ಬಲಿಯಾದವರಿಗೆ ಕೊಡುವ ವೀಸಾಕ್ಕೆ ಕಾಯುತ್ತಿದ್ದೇನೆ. ದೇಶ ಬಿಟ್ಟು ಹೋದರೆ ಈಗಿರುವ ತಾತ್ಕಾಲಿಕ ವೀಸಾ ಅಲ್ಲಿಗೇ ಮುಗಿಯುತ್ತದೆ, ದೇಶದೊಳಗೆ ನೆಲ್ಸನ್ ಇರಲಿ, ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ವಕೀಲರು ಹೇಳಿದ್ದರು.

ಫ್ಲಾಟ್‌ಮೇಟ್ ಸುಮಾಗೆ ಮಾತ್ರ ನಂಬಿಕೆ ಬರಲಿಲ್ಲ. "ನೆಲ್ಸನ್ ಇರೋದು ದಕ್ಷಿಣ ದ್ವೀಪದಲ್ಲಿ ಕಣೇ, ಸಮುದ್ರ ದಾಟ್ತಿದೀಯ! ಎಲ್ಲಾ ಪೇಪರ್ ಇಟ್ಕೋ," ಎಂದು ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನೂ ತುರುಕಿದಳು.

ಬೆಂಗಳೂರಿನ ಅಭ್ಯಾಸಬಲದಿಂದ ವಿಮಾನ ನಿಲ್ದಾಣದ ಬಾಗಿಲಲ್ಲೇ ಫೈಲು ತೆರೆದು ನಿಂತೆ. ಯಾರೂ ಬರಲಿಲ್ಲ. ಇಲ್ಲಿ ಇಂಥ ಪುಟ್ಟ ವಿಮಾನಕ್ಕೆ ತಪಾಸಣೆಯೂ ಇಲ್ಲ. ಗೇಟಿನಲ್ಲಿದ್ದಾಕೆ ಫೋನಿನ ಟಿಕೆಟ್ ನೋಡಿ ಕೈಬೀಸಿದಳು. ತಡೆಯಲಾರದೆ ನಾನೇ ಪಾಸ್‌ಪೋರ್ಟ್ ಚಾಚಿದೆ. "ಫೋಟೊ ಚೆನ್ನಾಗಿದೆ, ಹತ್ತಿ," ಎಂದು ನಕ್ಕಳು. ಪೊಲೀಸರ ಮೂಲಕ ವಾಪಸ್ ಪಡೆದ ಪಾಸ್‌ಪೋರ್ಟ್ ಯಾರಿಗೂ ಬೇಡವೆಂದರೆ ಸಿಟ್ಟು ಬರುವುದಿಲ್ಲವೇ?

ನೆಲ್ಸನ್‌ನಲ್ಲಿ ನನ್ನನ್ನು ಕರೆದಿದ್ದ ಶೈಲಾ ಆಂಟಿಯ ಮನೆ ಬಾಗಿಲು ತೆಗೆದದ್ದು ಅವರ ಆರು ವರ್ಷದ ಮೊಮ್ಮಗಳು. ಸೊಂಟದ ಮೇಲೆ ಕೈಯಿಟ್ಟು ವಿಚಾರಣೆ ಶುರುಮಾಡಿದಳು: "ಹೂ ಆರ್ ಯೂ? ಹೌ ಲಾಂಗ್ ಆರ್ ಯೂ ಸ್ಟೇಯಿಂಗ್?"

ಫೈಲು ಕೆಳಗಿಟ್ಟೆ. "ನಿಮ್ಮನೇಲಿ ಮೂರು ದಿನ ಪುಟ್ಟಿ. ನಿಮ್ಮ ದೇಶದಲ್ಲಿ ಎಷ್ಟು ದಿನ ಅಂತ ನಂಗೂ ಗೊತ್ತಿಲ್ಲ."

ಎರಡು ಸೆಕೆಂಡ್ ಯೋಚಿಸಿ "ಓಕೆ" ಎಂದು ಒಳಗೆ ಬಿಟ್ಟಳು.

ವೀಸಾ ಅರ್ಜಿಯನ್ನು ಇವಳಿಗೇ ಹಾಕಬೇಕಿತ್ತು.