ಗಿರಣಿ ದುಂಡಪ್ಪ ತಿಂದ ಹನ್ನೊಂದು ಉಂಡಿ

ನೇಸರಗಿಯೊಳಗ ಗಿರಣಿ ದುಂಡಪ್ಪ ಅಂದ್ರ ಎಲ್ಲಾರಿಗೂ ಗೊತ್ತು. ಹೆಸರು ದುಂಡಪ್ಪ, ಆಳು ಮಾತ್ರ ಜ್ವಾಳದ ದಂಟು. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡಿಸಿ ಹುಬ್ಬು ಬೆಳ್ಳಗಾಗ್ಯಾವ. ವಯಸ್ಸಿನಿಂದ ಆದದ್ದೆಷ್ಟು, ಹಿಟ್ಟಿನಿಂದ ಆದದ್ದೆಷ್ಟು ಅನ್ನೂದು ಅವಗೂ ಗೊತ್ತಿಲ್ಲ. ಚಿಟಿಕಿ ಹಿಟ್ಟು ನಾಲಿಗಿ ಮ್ಯಾಲ ಇಟಗೊಂಡು, ಇದು ಎರಿ ಹೊಲದ ಜ್ವಾಳ, ಇದು ನೀರಾವರಿದು ಅಂತ ಹೇಳಾಂವ. ಉಣ್ಣಾಕ ಕುಂತ್ರ ಬಡಸಾವ್ರ ಕೈ ಸೋಲಬೇಕು, ಅವನ ಬಾಯಿ ಸೋಲತಿದ್ದಿಲ್ಲ. ತಿಂದದ್ದೆಲ್ಲಾ ಎಲ್ಲಿಗೆ ಹೋಗತೈತೋ ಆ ಶಿವನ ಬಲ್ಲ. ಊಟ ಬಲ್ಲವಗ ರೋಗ ಇಲ್ಲ, ಮಾತು ಬಲ್ಲವಗ ಜಗಳ ಇಲ್ಲ ಅಂತಾರಲ್ಲ, ಆ ಗಾದಿಯ ಮೊದಲನೇ ಅರ್ಧ ದುಂಡಪ್ಪಗ ಬಾಯಿಪಾಠ. ಎರಡನೇ ಅರ್ಧದಾಗ ಅಂವ ಫೇಲು.

ಅದಕ್ಕ ಸಾಕ್ಷಿ, ಒಂಬತ್ತು ವರ್ಷದಿಂದ ಅವನ ಹೊಟ್ಟ್ಯಾಗ ಕರಗದಽ ಕುಂತಿದ್ದ ಹನ್ನೊಂದು ಉಂಡಿ.

ಆ ಕತಿ ಹಿಂಗೈತಿ. ದುಂಡಪ್ಪನ ಹೆಂಡತಿ ರಾಚವ್ವ. ಆಕಿ ತಂಗಿ ಗಂಗಾನ್ನ ಮುನವಳ್ಳಿಗೆ ಕೊಟ್ಟಿದ್ರು. ತಾಯಿ ತೀರಿಕೊಂಡ ಮ್ಯಾಲ ಅಕ್ಕ-ತಂಗಿ ನಡುವ ತಾಯಿದೊಂದು ಹಿತ್ತಾಳಿ ಡಬ್ಬಿ ಓಡಾಡತಿತ್ತು. ಈಕಿ ತುಂಬಿ ಕಳಿಸಿದ್ರ ಆಕಿ ತುಂಬಿ ತಿರುಗಿ ಕಳಸಬೇಕು. ಈ ಸೀಮಿಯೊಳಗ ಮತ್ತೊಬ್ಬರ ಮನಿ ಭಾಂಡೆ ಖಾಲಿ ಕಳಸಂಗಿಲ್ಲ. ಮನ್ಯಾಗ ಏನೂ ಇಲ್ಲಂದ್ರ ಒಂದು ಹಿಡಿ ಸಕ್ಕರಿನಾದ್ರೂ ಹಾಕತಾರ. ಖಾಲಿ ಕಳಿಸಿದ್ರ ನಿಮ್ಮ-ನಮ್ಮ ಋಣ ತೀರಿತು ಅಂದಂಗ.

ಒಂಬತ್ತು ವರ್ಷದ ಹಿಂದ, ಪಂಚಮಿ ಹಬ್ಬಕ್ಕ, ರಾಚವ್ವ ಶೇಂಗಾ ಉಂಡಿ ತುಂಬಿ ಗಂಡನ ಕೈಯಾಗ ಡಬ್ಬಿ ಮುನವಳ್ಳಿಗೆ ಕಳಿಸಿದ್ಲು. ಗಂಗಾ ಅದನ್ನ ತೊಳದು ಒರಸಿ, ಹನ್ನೊಂದು ಅಂಟಿನ ಉಂಡಿ ಇಟ್ಟು ಕೊಟ್ಟಳು. ತಾಯಿ ಮಾಡತಿದ್ದಂಥಾ ಉಂಡಿ, ಆಕಿ ಮೊದಲನೇ ಸಲ ಕೈ ಹಚ್ಚಿ ಮಾಡಿದ್ದು. ಹೆಂಗ ಆಗ್ಯಾವ ಅಂತ ಅಕ್ಕ ಹೇಳಿ ಕಳಸಬೇಕು ಅಂತ ನಾಕ ಸಲ ಹೇಳಿದ್ಲು. ದುಂಡಪ್ಪ ಹೂಂ ಅಂದು ಬಸ್ ಹತ್ತಿದ. ರುಚಿ ನೋಡೂಣು ಅಂತ ಮುನವಳ್ಳಿ ಸ್ಟ್ಯಾಂಡಿನ್ಯಾಗ ಒಂದು ಬಾಯಾಗ ಹಾಕ್ಕೊಂಡ. ಸವದತ್ತಿ ಬರೂದ್ರೊಳಗ ನಾಕು ಹೋದುವು. ಬೈಲಹೊಂಗಲದಾಗ ನೇಸರಗಿ ಬಸ್ಸಿಗೆ ಒಂದು ತಾಸು ಕಾಯಬೇಕಾತು. ಆ ಒಂದು ತಾಸು ಅವನ ಬಾಳೇವನ್ನ ಕೆಡಿಸಿತು ನೋಡ್ರಿ. ಊರ ಬಂದಾಗ ಡಬ್ಬ್ಯಾಗ ಉಳದದ್ದು ಒಂದಽ ಒಂದು. ಒಂದು ಉಂಡಿ ಒಯ್ದು ಕೊಟ್ರ ಉಳದದ್ದೆಲ್ಲಿ ಅಂತ ರಾಚವ್ವ ಕೇಳೂದು ಖರೆ ಅಂತ ಲೆಕ್ಕ ಹಾಕಿ, ಆ ಶಾಣ್ಯಾ ಅದನ್ನೂ ತಿಂದಬಿಟ್ಟ.

ಮನ್ಯಾಗ ರಾಚವ್ವ ಮುಚ್ಚಳ ತಗದು ನೋಡಿ, ಗಂಗಾ ಏನೂ ಕೊಡಲಿಲ್ಲೇನು ಅಂತ ಕೇಳಿದ್ಲು. ಏನೋ ಗಡಿಬಿಡಿಯಾಗ ಇದ್ದಂಗಿತ್ತು ಅಂದ ದುಂಡಪ್ಪ. ಒಂದು ದಿನ ಬೈದು ಮರೀತಾಳ ಅನಕೊಂಡಿದ್ದ. ರಾಚವ್ವ ಬೈಯಲಿಲ್ಲ, ಅದಽ ತಪ್ಪಾತು. ಡಬ್ಬಿ ಒಯ್ದು ಅಟ್ಟದ ಮ್ಯಾಲ ಇಟ್ಟಳು. ಯಾಕ ಖಾಲಿ ಕಳಿಸಿದಿ ಅಂತ ತಂಗಿನ್ನ ಕೇಳೂದು ರಾಚವ್ವನ ಮರ್ಯಾದಿಗೆ ಕಡಿಮಿ. ಉಂಡಿ ಹೆಂಗ ಆಗಿದ್ವು ಅಂತ ಅಕ್ಕನ್ನ ಕೇಳೂದು ಗಂಗಾನ ಮರ್ಯಾದಿಗೆ ಕಡಿಮಿ. ಇಬ್ಬರೂ ಒಂದಽ ತಾಯಿ ಮಕ್ಕಳು, ಸೊಕ್ಕಿನ್ಯಾಗ ಒಂದ ಕೂದಲಿನಷ್ಟೂ ಫರಕಿಲ್ಲ. ಗಂಗಾನ ಹೊಸಾ ಮನಿ ವಾಸ್ತುಶಾಂತಿಗೆ ಇವರು ಹೋಗಲಿಲ್ಲ. ರಾಚವ್ವನ ಮಗಳ ಮದಿವಿಗೆ ಮುನವಳ್ಳಿಗೆ ಕಾರ್ಡು ಹೋಗಲಿಲ್ಲ. ಆ ಮದಿವ್ಯಾಗ ದುಂಡಪ್ಪ ನಾಕಽ ಹೋಳಿಗಿ ಉಂಡು ಎದ್ದ. ಅವಗ ನಾಕು ಹೋಳಿಗಿ ಅಂದ್ರ ಉಪವಾಸ ಇದ್ದಂಗ. ಖರೆ ಹೇಳಬೇಕು ಅಂತ ಎಷ್ಟೋ ಸಲ ಬಾಯಿ ತಗದ. ಬಿಸಿ ತುಪ್ಪ, ಉಗುಳಾಕೂ ಆಗಲಿಲ್ಲ, ನುಂಗಾಕೂ ಆಗಲಿಲ್ಲ.

ಮೊನ್ನೆ ಚಳಿಗಾಲದಾಗ ರಾಚವ್ವ ಯಲ್ಲಮ್ಮನ ಗುಡ್ಡಕ್ಕ ಹೋಗೂಣು ಅಂದಾಗ ದುಂಡಪ್ಪನ ಎದಿ ಧಸಕ್ ಅಂತು. ಯಾಕಂದ್ರ ಗುಡ್ಡದ ಕೆಳಗ, ಟೂರಿಸ್ಟ್ ಬಸ್ ನಿಲ್ಲೂ ಕಡೆ, ಹೊಸದಾಗಿ ದೊಡ್ಡದೊಂದು ಊಟದ ಶೆಡ್ ಆಗಿತ್ತು. ಒಂದಽ ಸೂರಿನ ಕೆಳಗ ಎಂಟು ಅಂಗಡಿ. ಎಲ್ಲೆರೆ ತಗೋರಿ, ನಡುವ ಹಾಕಿದ ಉದ್ದನ ಟೇಬಲ್ಲಿಗೆ ಕುಂತು ಉಣ್ಣರಿ. ಆ ಎಂಟರಾಗ ಒಂದು ರೊಟ್ಟಿ ಖಾನಾವಳಿ ಗಂಗಾಂದು ಅಂತ ಗಿರಣಿಗೆ ಬಂದವರು ಹೇಳಿದ್ದು ಅಂವ ಕೇಳಿದ್ದ. ಹೆಂಡತಿಗೆ ಹೇಳಿರಲಿಲ್ಲ. ಗುಡ್ಡ ಬ್ಯಾಡ, ಕಿತ್ತೂರಿಗೆ ಹೋಗೂಣು, ಕೋಟೆ ನೋಡೂಣು, ಗಾಳಿ ಛಲೋ ಬರತೈತಿ ಅಂದ. ಗಾಳಿ ಇಲ್ಲೇನ ಕಡಿಮಿ ಐತಿ ಅಂದ್ಲು ರಾಚವ್ವ. ಮುಗೀತು. ದಾರ್ಯಾಗ ಆಕಿ ಕೈಯಾನ ಚೀಲ ಭಾರ ಕಂಡು, ನಾ ಹಿಡಕೋತೇನಿ ಕೊಡು ಅಂದ್ರ ಕೊಡಲಿಲ್ಲ.

ದರ್ಶನ ಮಾಡಿ ಇಳದು ಬರೂದ್ರಾಗ ಹನ್ನೆರಡೂವರಿ. ಶುಕ್ರವಾರ ಬ್ಯಾರೆ. ಕೊಲ್ಹಾಪುರ, ಸಾಂಗ್ಲಿ ಕಡೆಯ ಮಂದಿ, ಬೆಂಗಳೂರಿನ ಕಾರುಗಳು, ಭಂಡಾರ ಬಡದ ಹಣಿಗಳು, ಶೆಡ್ಡಿನ್ಯಾಗ ಕಾಲಿಡಾಕ ಜಾಗಾ ಇಲ್ಲ. ಒಗ್ಗರಣಿ ವಾಸನಿಗೆ ದುಂಡಪ್ಪನ ಹೊಟ್ಟಿ ಕುಣದಾಡಿತು. ಎಂಟನೇ ಅಂಗಡ್ಯಾಗ ಬಗ್ಗಿ ರೊಟ್ಟಿ ಬಡಿಯಾಕ ಹತ್ತಿದ್ದ ಗಂಗಾನ್ನ ಅಂವ ದೂರದಿಂದಽ ಕಂಡ. ಲಗೂನ ಹೆಂಡತಿನ್ನ ಆ ಕಡೆ ಬೆನ್ನು ಮಾಡಿ ಕುಂಡರಿಸಿ, ನೀ ಏಳಬ್ಯಾಡ, ಎಲ್ಲಾ ನಾನಽ ತರತೇನಿ ಅಂತ ಓಡಿದ. ಮೂವತ್ತೈದು ವರ್ಷದ ಸಂಸಾರದಾಗ ಒಂದು ಚರಿಗಿ ನೀರು ತಂದುಕೊಟ್ಟಿರದ ಗಂಡ ಹಿಂಗ ಓಡಾಡೂದನ್ನ ರಾಚವ್ವ ನೋಡಕೋತ ಕುಂತಳು.

ಗಿರಮಿಟ್ಟು ತಂದ. ಮಿರ್ಚಿ ತಂದ. ದ್ವಾಸಿ ತಂದ, ಪುರಿ ತಂದ, ಕುಂದಾ ತಂದ. ಕಳ್ಳನ ಮನಸು ಹುಳ್ಳುಳ್ಳಗ ಖರೆ, ಆದರ ದುಂಡಪ್ಪನ ಬಾಯಿ ಯಾವ ಮನಸಿನ ಮಾತೂ ಕೇಳೂದಲ್ಲ. ಪ್ರತಿ ಪ್ಲೇಟಿನ್ಯಾಗ ಅರ್ಧ ಅಂವನಽ ಖಾಲಿ ಮಾಡಿದ. ಕುಂದಾ ಮುಗಿಸಿ ಬೆರಳು ನೆಕ್ಕೂವಾಗ, ಇನ್ನ ಏಳೂಣು ಅಂದ. ಆಗ ರಾಚವ್ವ ಸೆರಗು ಸರಿ ಮಾಡಿಕೊಂಡು, ಇವೆಲ್ಲಾ ತಿನಿಸು, ಊಟ ಎಲ್ಲೈತಿ, ನನಗ ರೊಟ್ಟಿ ಬೇಕು ಅಂದು, ಚೀಲ ತಗೊಂಡು ಸೀದಾ ಎದ್ದು ಎಂಟನೇ ಅಂಗಡಿ ಮುಂದ ಹೋಗಿ ನಿಂತಳು.

ದುಂಡಪ್ಪ ಹಿಂದ ಹೋದ. ಹೋಗದಽ ಏನ ಮಾಡ್ತಾನ?

ಗಂಗಾ ತಲಿ ಎತ್ತಿದ್ಲು. ರೊಟ್ಟಿ ಬಡಿಯೂ ಕೈ ನಿಂತಿತು. ಒಂಬತ್ತು ವರ್ಷದಾಗ ಅಕ್ಕನ ತಲಿ ಅರ್ಧ ಬೆಳ್ಳಗಾಗಿತ್ತು. ತಂಗಿ ಮೈ ತುಂಬಿಕೊಂಡು, ಥೇಟ್ ತಾಯಿಯಂಗ ಆಗಿದ್ಲು. ಗಂಗಾ ಒಂದು ತಾಟಿನ್ಯಾಗ ಬಿಸಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿ ಕಟ್ಟಿ ಮ್ಯಾಲ ಸರಿಸಿದ್ಲು. ರಾಚವ್ವ ಅದನ್ನ ಮುಟ್ಟಲಿಲ್ಲ. ಗಂಡನ ಕಡೆ ತಿರುಗಿ, ಆದರ ತಂಗಿಗೆ ಕೇಳೂವಂಗ ಅಂದ್ಲು:

"ಅವ್ವನ ಡಬ್ಬಿ ಖಾಲಿ ಕಳಿಸಿದಾಕಿ ಕೈಯಾನ ರೊಟ್ಟಿ ನಾ ಹೆಂಗ ಉಣ್ಣಲಿ, ನೀವಽ ಹೇಳ್ರಿ."

ಗಂಗಾ ಅಕ್ಕನ್ನ ನೋಡಲಿಲ್ಲ, ದುಂಡಪ್ಪನ್ನ ನೋಡಿದ್ಲು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಕೊಂಡಂಗ, ಅಂವ ಟಾವೆಲ್ಲಿಲೆ ಬಾಯಿ ಒರಸಿಕೊಳ್ಳಾಕ ಹತ್ತಿದ್ದ. ಅಷ್ಟಽ ಸಾಕಾತು, ಗಂಗಾಗ ಎಲ್ಲಾ ತಿಳೀತು. ಇನ್ನ ಇಡೀ ಶೆಡ್ಡಿನ ಮುಂದ ನನ್ನ ಮಾನ ಹೋತು ಅಂತ ದುಂಡಪ್ಪ ಕಣ್ಣ ಮುಚ್ಚಿದ.

ಗಂಗಾ ಸೆರಗಿನ್ಯಾಗ ಕೈ ಒರಸಿಕೊಂಡು, "ಹೌದಕ್ಕಾ, ನಂದಽ ತಪ್ಪು. ಗಡಿಬಿಡಿಯಾಗ ಖಾಲಿ ಕಳಿಸಿದ್ನಿ. ಈಗ ಉಣ್ಣು" ಅಂದ್ಲು.

ದುಂಡಪ್ಪನ ಮಾನ ಉಳೀತು. ಒಂಬತ್ತು ವರ್ಷದ ಭಯ ಒಂದು ಮಾತಿನ್ಯಾಗ ಹೋತು. ರಾಚವ್ವನ ಮಾರಿ ಸಡಲಾತು, ಆಕಿ ಕಟ್ಟಿ ಮುಂದಿನ ಸ್ಟೂಲಿನ ಮ್ಯಾಲ ಕುಂತು ರೊಟ್ಟಿಗೆ ಕೈ ಹಾಕಿದ್ಲು. ಗಂಗಾ ದುಂಡಪ್ಪಗೂ ಒಂದು ತಾಟು ಕೊಟ್ಟಳು. ಅಂವ ಒಂದು ತುತ್ತು ಮುರದು ಎಣ್ಣಿಗಾಯಿಯೊಳಗ ಅದ್ದಿ ಬಾಯಾಗ ಇಟ್ಟ. ಇಳೀಲಿಲ್ಲ. ನೀರು ಕುಡದ, ಆದರೂ ಇಳೀಲಿಲ್ಲ. ಹುಟ್ಟಿದಾಗಿಂದ ಅವನ ಗಂಟಲದಾಗ ಒಂದು ತುತ್ತು ನಿಂತದ್ದು ಇದಽ ಮೊದಲು. ಮಾಡದ ತಪ್ಪು ತನ್ನ ತಲಿ ಮ್ಯಾಲ ಹಾಕ್ಕೊಂಡು ಗಂಗಾ ಮತ್ತ ರೊಟ್ಟಿ ಬಡಿಯಾಕ ಹತ್ತಿದ್ಲು. ದುಂಡಪ್ಪಗ ತನ್ನ ಬಗ್ಗೆ ಭಾಳ ನಾಚಿಕಿ ಬಂತು.

"ರಾಚವ್ವಾ," ಅಂದ, "ಡಬ್ಬಿ ಖಾಲಿ ಇರಲಿಲ್ಲ. ಹನ್ನೊಂದು ಅಂಟಿನ ಉಂಡಿ ಇದ್ದುವು. ನಾ ತಿಂದೆ."

ರಾಚವ್ವನ ಕೈಯಾನ ರೊಟ್ಟಿ ಹಂಗಽ ನಿಂತಿತು. ಬಾಜೂಕ ಉಣ್ಣಾಕ ಹತ್ತಿದ್ದ ಕೊಲ್ಹಾಪುರದ ಹೆಣಮಗಳಿಗೆ ಕನ್ನಡ ಬರತಿತ್ತೋ ಇಲ್ಲೋ, ಆಕಿನೂ ಉಣ್ಣೂದು ಬಿಟ್ಟು ನೋಡಿದ್ಲು.

"ಹನ್ನೊಂದೂ?" ಅಂದ್ಲು ರಾಚವ್ವ.

"ಹನ್ನೊಂದೂ."

"ನನಗ ಒಂದೂ ಉಳಸಲಿಲ್ಲ?"

"ಒಂದು ಉಳಿಸಿದ್ದೆ. ಒಂದಽ ಕೊಟ್ರ ಉಳದದ್ದೆಲ್ಲಿ ಅಂತ ಕೇಳತಿದ್ದಿ. ಅದಕ್ಕ ಅದನ್ನೂ ತಿಂದೆ."

ಮಗಳ ಮದಿವಿ, ತಂಗಿ ಮನಿ ವಾಸ್ತುಶಾಂತಿ, ಒಂಬತ್ತು ಪಂಚಮಿ, ಎಲ್ಲಾ ರಾಚವ್ವನ ಕಣ್ಣ ಮುಂದ ಬಂದು ಹೋದುವು. ಬೈಗಳು ಬರತಾವ ಅಂತ ದುಂಡಪ್ಪ ತಲಿ ತಗ್ಗಿಸಿದ. ಬೈಗಳು ಬಂದುವು. ಬಕಾಸುರ ಅಂದ್ಲು, ಹೊಟ್ಟಿಬಾಕ ಅಂದ್ಲು, ಇನ್ನೊಂದೆರಡು ಇಲ್ಲಿ ಬರಿಯಾಕ ಬರೂವಂಥಾವಲ್ಲ. ಅಷ್ಟರಾಗ ಕಟ್ಟಿ ಆ ಕಡಿಂದ ಗಂಗಾ ಕಿಸಕ್ಕನ ನಕ್ಕಳು. ಆ ನಗಿ ಕೇಳಿ ರಾಚವ್ವನೂ ತಡಕೊಳ್ಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗತಾ ನಗತಾ ಅತ್ತಳು. ಎದ್ದು ಕಟ್ಟಿ ದಾಟಿ ಒಳಗ ಹೋಗಿ, ಹಿಟ್ಟಿನ ಕೈಯ ತಂಗಿನ್ನ ಹಂಗಽ ತೆಕ್ಕಿಗೆ ಹಾಕ್ಕೊಂಡ್ಲು. ನೋಡಾಕ ದುಂಡಪ್ಪಗ ಭಾಳ ಹಿಗ್ಗಾತು.

ಆಮ್ಯಾಲ ರಾಚವ್ವ ಚೀಲ ಬಿಚ್ಚಿದ್ಲು. ಒಳಗ ತಾಯಿಯ ಹಿತ್ತಾಳಿ ಡಬ್ಬಿ, ಹುಣಸಿಹಣ್ಣು ಹಚ್ಚಿ ತಿಕ್ಕಿ ತಳತಳ ಮಾಡಿದ್ದು, ತುಂಬ ಶೇಂಗಾ ಉಂಡಿ. ಗಂಗಾ ಇಲ್ಲಿ ಅಂಗಡಿ ಹಾಕಿದ್ದು ದೀಪಾವಳಿಗಿಂತ ಮೊದಲಽ ರಾಚವ್ವಗ ಗೊತ್ತಿತ್ತಂತ. ತಪ್ಪಾತು ಅಂತ ತಂಗಿ ಒಂದು ಮಾತು ಆಡಲಿ, ಡಬ್ಬಿ ಕೊಡೂಣು ಅಂತಽ ಬಂದಿದ್ದಳಂತ. ಅಂಗಡಿ ಗುಟ್ಟು ಮುಚ್ಚಿಟ್ಟೇನಿ ಅಂತ ಎರಡು ತಿಂಗಳು ಬೆವತಾಂವ ದುಂಡಪ್ಪ ಒಬ್ಬನಽ.

ಗಂಗಾ ಡಬ್ಬಿ ಇಸಗೊಂಡು ಎದಿಗೆ ಹಚ್ಚಿಕೊಂಡ್ಲು. ಆಮ್ಯಾಲ ದುಂಡಪ್ಪನ ಕಡೆ ತಿರುಗಿ, ಒಂಬತ್ತು ವರ್ಷ ನುಂಗಿಕೊಂಡಿದ್ದ ಮಾತು ಕೇಳಿದ್ಲು.

"ಅದಿರಲಿ ಮಾಮಾ, ಹೆಂಗ ಆಗಿದ್ವು ಹೇಳ್ರಿ."

ದುಂಡಪ್ಪಗ ವಿಚಾರ ಮಾಡೂ ಜರೂರಿ ಬೀಳಲಿಲ್ಲ. "ಅಂಟು ಹದಕ್ಕ ಹುರದಿದ್ದಿ. ಒಣಖೊಬ್ರಿ ಸಣ್ಣಗ ತುರದಿದ್ದಿ. ಏಲಕ್ಕಿ ಎಷ್ಟ ಬೇಕೋ ಅಷ್ಟಽ. ಅತ್ತಿ ಮಾಡಿದ್ದು ನಾ ಎರಡ ತಿಂದು ನಿಲ್ಲಸತಿದ್ದೆ ಯವ್ವಾ. ನೀ ಮಾಡಿದ್ದು ಶುರು ಮಾಡಿದ ಮ್ಯಾಲ ನಿಲ್ಲಾಕ ಆಗಲಿಲ್ಲ" ಅಂದ.

ಗಂಗಾ ಮಾರಿ ಆ ಕಡೆ ತಿರುಗಿಸಿ ಸುಮ್ಮಸುಮ್ಮನ ಒಲಿ ಸರಿ ಮಾಡಿದ್ಲು. ಗಂಟಲದಾಗ ನಿಂತಿದ್ದ ತುತ್ತು ದುಂಡಪ್ಪಗ ಯಾವಾಗ ಇಳೀತೋ ಗೊತ್ತಾಗಲಿಲ್ಲ. ಆಮ್ಯಾಲ ಅಂವ ಏಳು ರೊಟ್ಟಿ ಉಂಡ.

ಹೊಂಡೂ ಮುಂದ ಗಂಗಾ ಡಬ್ಬಿ ಖಾಲಿ ಮಾಡಿ, ತೊಳದು, ಅಂಗಡ್ಯಾಗ ಮಾರಾಕ ಮಾಡಿಟ್ಟಿದ್ದ ಅಂಟಿನ ಉಂಡಿ ಹನ್ನೊಂದು ಎಣಿಸಿ ತುಂಬಿ ಕೊಟ್ಟಳು. ಬಸ್ಸಿನ್ಯಾಗ ಕುಂತ ಮ್ಯಾಲ ರಾಚವ್ವ ಅದನ್ನ ಗಂಡನ ತೊಡಿ ಮ್ಯಾಲ ಇಟ್ಟು, ಹಿಡಕೋರಿ ಅಂದು, ಅವನ ಹೆಗಲಿಗೆ ತಲಿ ಹಚ್ಚಿ ಮಲಗಿಬಿಟ್ಟಳು. ದುಂಡಪ್ಪ ಎರಡೂ ಕೈಲೆ ಡಬ್ಬಿ ಹಿಡಕೊಂಡು ಕುಂತ. ಬೈಲಹೊಂಗಲದಾಗ ಮತ್ತ ಒಂದು ತಾಸು ಕಾಯಬೇಕಾತು. ಮುಚ್ಚಳ ಮುಟ್ಟಲಿಲ್ಲ.

ಮನಿಗೆ ಬಂದು ರಾಚವ್ವ ಡಬ್ಬಿ ತಗದು ಎಣಿಸಿದ್ಲು. ಹನ್ನೊಂದೂ ಇದ್ದುವು. ಒಂದು ತಗದು ಗಂಡನ ಕೈಯಾಗ ಇಟ್ಟಳು.

"ತಿಂದು ಹೆಂಗ ಐತಿ ಲಗೂನ ಹೇಳ್ರಿ," ಅಂದ್ಲು ಫೋನ್ ಕಿವಿಗೆ ಹಿಡಕೊಂಡು. "ಗಂಗಾ ಕಾಯಾಕ ಹತ್ಯಾಳ."